ನಲವತ್ತಮೂರು ತಾರೀಖು

ಸೆಪ್ಟೆಂಬರ್ 8, 2025, ಸೋಮವಾರ

ಮೂವತ್ತೈದು ವರ್ಷ ಕೋರ್ಟ್ ಡೈರಿ ಬರೆದವನು ನಾನು. ಅದರಲ್ಲಿರುವುದೆಲ್ಲ ಬೇರೆಯವರ ಜಗಳ, ಬೇರೆಯವರ ತಾರೀಖು. ನನ್ನದು ಅಂತ ಒಂದು ಸಾಲೂ ಇಲ್ಲ. ಇವತ್ತು ಕೊಳ್ಳೇಗಾಲದ ನಮ್ಮ ವಕೀಲರ ಸಂಘದ ಕಾರ್ಯದರ್ಶಿ ಚೇಂಬರಿಗೆ ಬಂದು, "ಡಿಸೆಂಬರ್ ಮೂರನೇ ತಾರೀಖು ವಕೀಲರ ದಿನಾಚರಣೆ ಸಾರ್, ಈ ಸಲ ಸನ್ಮಾನ ನಿಮಗೇ, ನಮ್ಮ ಶಾಂತಮೂರ್ತಿಯವರಿಗೇ ಅಂತ ತೀರ್ಮಾನ ಆಗಿದೆ" ಅಂದ. ಪೇಟ, ಶಾಲು, ಹಣ್ಣಿನ ಬುಟ್ಟಿ. "ಅಯ್ಯೋ, ನನಗ್ಯಾಕಪ್ಪಾ" ಅಂದೆ. ಇನ್ನೊಂದು ಸಲ ಕೇಳಲಿ ಅಂತ ಅಂದದ್ದು. ಕೇಳಿದ, ಒಪ್ಪಿಕೊಂಡೆ. ನನ್ನ ವಕೀಲಿ ಬದುಕಿನ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕಂತೆ. ಅದಕ್ಕೆ ನೆನಪುಗಳನ್ನು ಕೂಡಿಹಾಕಲು ಈ ನೋಟ್‌ಬುಕ್ಕು.

ಮೊದಲು ಬರೆಯಬೇಕಾದದ್ದು ನನ್ನ ಚೇಂಬರಿನ ಮೊದಲ ಪಾಠ. ಮಾರ್ಟಳ್ಳಿಯಿಂದ ಬಸ್ಸು ಹಿಡಿದು ಬಂದವರಿರಲಿ, ಇಲ್ಲೇ ಪೇಟೆ ಬೀದಿಯವರಿರಲಿ, ಕಟಕಟೆ ಹತ್ತುವ ಮುಂಚೆ ಎಲ್ಲರಿಗೂ ಒಂದೇ ಮಾತು ಬಾಯಿಪಾಠ ಮಾಡಿಸುತ್ತೇನೆ. "ಎದುರು ಪಾರ್ಟಿ ವಕೀಲರು ನಿಮ್ಮ ವಕೀಲರ ಬಗ್ಗೆ ಏನೇ ಕೇಳಲಿ, ನಮ್ಮ ಲಾಯರ್ರು ಎಲ್ಲ ಹೇಳಿದ್ದಾರೆ, ಎಲ್ಲ ಸರಿಯಾಗಿ ಮಾಡಿದ್ದಾರೆ, ಅಷ್ಟೇ ಅನ್ನಬೇಕು." ನನ್ನ ಕೈಯಲ್ಲಿ ಸೋತ ಕಕ್ಷಿದಾರರು ಬೇಕಾದಷ್ಟು ಮಂದಿ ಇದ್ದಾರೆ, ನನ್ನನ್ನು ಬಿಟ್ಟುಕೊಟ್ಟವರು ಒಬ್ಬರೂ ಇಲ್ಲ. ಇದನ್ನು ಭಾಷಣದಲ್ಲಿ ಹೇಳಬೇಕು, ಹುಡುಗರು ನಗುತ್ತಾರೆ.

ಸಂಜೆ ಸತ್ತೇಗಾಲದ ಮುದುಕಿ ಬಂದಿತ್ತು. ಎಂದಿನ ಹಾಗೆ ಎರಡು ತೆಂಗಿನಕಾಯಿ ಇಟ್ಟುಹೋಯಿತು. ಅಕ್ಟೋಬರ್ ಹತ್ತು ಅಂತ ಚೀಟಿ ಬರೆದು ಕಳಿಸಿದೆ.

ಸೆಪ್ಟೆಂಬರ್ 19, ಶುಕ್ರವಾರ

ತಾರೀಖಿಲ್ಲದ ದಿನ ಬಂತು ಮುದುಕಿ. ಚೇಂಬರಿನಲ್ಲಿ ನಾಲ್ಕು ಜನ ಕೂತಿದ್ದರು, ಯಾರನ್ನೂ ಲೆಕ್ಕಿಸದೆ ನೇರ ಮೇಜಿನ ಹತ್ತಿರಕ್ಕೇ ಬಂತು.

"ಸಾ, ನಮ್ ಒಲದಲ್ಲಿ ಕಲ್ ನೆಟ್ಟವ್ರೆ. ಸೈಟ್ ಮಾಡ್ತರಂತೆ. ಮನೆ ಖಾಲಿ ಮಾಡು ಅಂತ ನಮ್ಮಣ್ಣ ಏಳ್ ಕಳ್ಸವ್ನೆ."

ಒಂದು ಎಕರೆ ಜಮೀನು. ಮುದುಕಿಯ ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಮಗಳಿಗೆ ಬರೆದುಕೊಟ್ಟದ್ದು. ಮೂಲೆಯಲ್ಲಿ ಒಂದು ಹೆಂಚಿನ ಮನೆ, ಏಳೆಂಟು ತೆಂಗಿನ ಮರ. ಅಪ್ಪ ಸತ್ತ ಮೇಲೆ ಅಣ್ಣ ದೊಡ್ಡಸಿದ್ದಯ್ಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಜಮೀನು ನನ್ನದೆಂದು ತೀರ್ಪು ಕೊಡಿ ಅಂತ ಮುದುಕಿಯ ದಾವೆ, 2016ರದ್ದು. ಹೆಸರು ಪುಟ್ಟಗೌರಮ್ಮ.

"ಅಣ್ಣ ಏನಂತಾನೆ?" ಅಂದೆ.

"ನಿನ್ ಕೇಸು ವಜಾ ಆಗಿ ಆರ್ ವರ್ಸ ಆಯ್ತು ಕಣಮ್ಮಿ ಅಂತನೆ. ಸುಳ್ ಬೊಗಳ್ತನೆ ಸಾ. ನಾನೂ ಬುಡ್ನಿಲ್ಲ, ನಮ್ ಲಾಯರ್ರು ಓದ್ವಾರ ತಾನೆ ತಾರೀಖ್ ಕೊಟ್ಟವ್ರೆ ಅಂತ ಚೀಟಿ ತೋರುಸ್ದೆ."

ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟಿತು. ಒಳಗೆ ಚೀಟಿಗಳ ಕಂತೆ. ನಾನು ಕೊಟ್ಟ ತಾರೀಖುಗಳೆಲ್ಲ ಒಂದೂ ಬಿಡದೆ. ಕಣ್ಣು ಬೇರೆ ಕಡೆ ತಿರುಗಿಸಿ, "ಅಕ್ಟೋಬರ್ ಹತ್ತಕ್ಕೆ ಬಾ, ನೋಡೋಣ" ಅಂದೆ.

ದೊಡ್ಡಸಿದ್ದಯ್ಯ ಬೊಗಳಿದ್ದು ಸುಳ್ಳಲ್ಲ.

ಸೆಪ್ಟೆಂಬರ್ 21, ಭಾನುವಾರ

ಮೊನ್ನೆಯ ಸಾಲು ಬರೆದು ನೋಟ್‌ಬುಕ್ಕು ಮುಚ್ಚಿದ್ದೆ. ಭಾಷಣಕ್ಕೆ ಬೇಕಾದದ್ದಲ್ಲ ಅದು. ಆದರೂ ಬರೆದು ಮುಗಿಸುತ್ತೇನೆ, ಇನ್ನು ಯಾರಿಗೂ ಹೇಳುವ ಸಂಗತಿ ಅಲ್ಲವಲ್ಲ.

2019ರ ಮಾರ್ಚ್ ಹದಿಮೂರು. ಅವತ್ತು ಈ ಮುದುಕಿಯ ಸಾಕ್ಷಿ ಇತ್ತು. ಅವತ್ತೇ ಯಳಂದೂರು ಕೋರ್ಟಿನಲ್ಲಿ ಒಬ್ಬ ರೈಸ್ ಮಿಲ್ ಯಜಮಾನರ ಕೇಸು. ದೊಡ್ಡ ಕುಳ, ನಾನೇ ನಿಲ್ಲಬೇಕಿತ್ತು. ಇವಳಿಗೆ, "ನೀನು ಬರೋದು ಬೇಡ, ನಾನು ಬೇರೆ ತಾರೀಖು ತಗೋತೀನಿ" ಅಂದಿದ್ದೆ. ಇಲ್ಲಿ ಯಾರಾದರೂ ಗೆಳೆಯನಿಗೆ, ನನ್ನ ಪರವಾಗಿ ಎದ್ದು ತಾರೀಖು ಕೇಳಯ್ಯಾ ಅಂತ ಹೇಳಿಹೋಗಬೇಕಿತ್ತು. ಎಲ್ಲ ವಕೀಲರೂ ದಿನಾ ಮಾಡುವುದು ಅದೇ. ಹೇಳಿದ್ದೇನೆ ಅಂದುಕೊಂಡೇ ಯಳಂದೂರಿನ ಬಸ್ಸು ಹತ್ತಿದೆ. ಹೇಳಿರಲಿಲ್ಲ. ಜವಾನ ಮೂರು ಸಲ ಹೆಸರು ಕೂಗಿದನಂತೆ. ವಾದಿ ಗೈರು, ವಕೀಲರು ಗೈರು, ದಾವೆ ವಜಾ.

ಮೂವತ್ತು ದಿನದೊಳಗೆ ಒಂದು ಅರ್ಜಿ ಹಾಕಿದ್ದರೆ ಕೇಸು ಮತ್ತೆ ಎದ್ದು ಕೂರುತ್ತಿತ್ತು. ನಾಳೆ ಹಾಕೋಣ ಅಂದುಕೊಂಡೆ. ಬೇಸಿಗೆ ರಜೆ ಬಂತು. ರಜೆ ಮುಗಿದ ಮೇಲೆ ಇವಳು ಬಂದು, "ಯಾವತ್ತು ಸಾ?" ಅಂದಳು. ಬಾಯಿಗೆ ಬಂದ ಒಂದು ತಾರೀಖು ಹೇಳಿದೆ. ಆ ತಾರೀಖಿಗೆ ಬಂದಳು. ಇನ್ನೊಂದು ಹೇಳಿದೆ. ಆಮೇಲೆ ಕೊರೊನಾ ಬಂತು. ಮೊದಲ ಸುಳ್ಳು ಹೇಳುವುದು ಕಷ್ಟವಾಗಿತ್ತು. ಆಮೇಲಿನವು ಅಭ್ಯಾಸವಾದವು.

ಅಕ್ಟೋಬರ್ 10, ಶುಕ್ರವಾರ

ಬಂದಳು. ಹನ್ನೊಂದಕ್ಕೆ ಮುಂಚೆಯೇ ಬಂದು ಕೋರ್ಟಿನ ವರಾಂಡದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅದು ಅವಳದೇ ಜಾಗ. ನಾನು ಎಂದಿನಂತೆ ಗೌನು ಹಾಕಿಕೊಂಡು ಕೋರ್ಟ್ ಹಾಲ್ ಒಳಗೆ ಹೋಗಿ, ಹಿಂದಿನ ಸಾಲಿನಲ್ಲಿ ಹತ್ತು ನಿಮಿಷ ಕೂತು, ಹೊರಗೆ ಬಂದೆ. ಇಷ್ಟು ವರ್ಷ ನಾನು ಮಾಡಿದ್ದು ಇದನ್ನೇ. ಒಳಗೆ ಅವಳ ಹೆಸರಿನ ಫೈಲೇ ಇಲ್ಲ.

ಗುಮಾಸ್ತ ಮಾದಸ್ವಾಮಿಗೆ, "ಇಪ್ಪತ್ತನಾಲ್ಕು ಅಂತ ಬರೆದುಕೊಡಪ್ಪ" ಅಂದೆ. ಅವನು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಇಪ್ಪತ್ತೆಂಟು ವರ್ಷದಿಂದ ನನ್ನ ಜೊತೆ ಇರುವವನು, ಒಂದು ದಿನ ಎದುರು ಮಾತಾಡಿದವನಲ್ಲ.

"ನಾನು ಇನ್ ಬರಿಯಾಕಿಲ್ಲ ಸಾ. ನನ್ ಕೈಲಿ ಆಗಕಿಲ್ಲ. ಬೇಕಾದ್ರೆ ನೀವೇ ಬರ್ಕೊಡಿ."

ನಾನೇ ಬರೆದುಕೊಟ್ಟೆ. ಸಿಟ್ಟು ಬಂತು ಅವನ ಮೇಲೆ. ಆಮೇಲೆ ಅವಳ ಮೇಲೆ. ಒಂದು ದಿನವಾದರೂ ತಪ್ಪಿಸಿಕೊಂಡವಳಲ್ಲ. ಮೂರು ವರ್ಷದ ಹಿಂದೆ ಗಂಡ ಚೆನ್ನಯ್ಯ ಸತ್ತ ದಿನವೂ ಇದೇ ಬೆಂಚಿನ ಮೇಲೆ ಕೂತಿದ್ದಳು. ಕಾಯಿಲೆ ಬಿದ್ದವನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದಳಂತೆ. ಸಂಜೆ ಹೋಗುವಷ್ಟರಲ್ಲಿ ಮುಗಿದಿತ್ತು. ಮುಂದಿನ ಸಲ ಬಂದಾಗ ಅವಳೇ ಹೇಳಿದಳು, "ಕೋಲ್ಟು ಕೆಲ್ಸ ಬುಡಕಾಯ್ತದಾ ಸಾ" ಅಂತ. ಇಂಥವರನ್ನು ಏನು ಮಾಡುವುದು? ಬೇರೆಯವಳಾಗಿದ್ದರೆ ಎಂದೋ ಬೇಸತ್ತು ಬರುವುದನ್ನು ಬಿಟ್ಟಿರುತ್ತಿದ್ದಳು, ನಾನೂ ಪಾರಾಗಿರುತ್ತಿದ್ದೆ.

ಅಕ್ಟೋಬರ್ 12, ಭಾನುವಾರ

ಭಾಷಣ ಎರಡು ಪುಟ ಆಯಿತು. "ಕಕ್ಷಿದಾರನ ನಂಬಿಕೆಯೇ ವಕೀಲನ ಆಸ್ತಿ" ಅಂತ ಶುರುಮಾಡಿದ್ದೇನೆ. ಊಟಕ್ಕೆ ಕೂತಾಗ ನನ್ನ ಹೆಂಡತಿ ಶಿವರತ್ನಮ್ಮನಿಗೆ ಓದಿ ಹೇಳಿದೆ. "ಚೆನ್ನಾಗದೆ ಕಣ್ರಿ" ಅಂದಳು. ಕಾಯಿಚಟ್ನಿ ಬಡಿಸುತ್ತಾ, "ಸತ್ತೇಗಾಲದಮ್ಮನ ಕಾಯಿ ಎಷ್ಟು ರುಚಿ ನೋಡಿ. ಪಾಪ, ಅವರ ಕೇಸು ಏನಾಯ್ತು?" ಅಂದಳು. "ನಡೀತಾ ಇದೆ" ಅಂದೆ.

ಚಟ್ನಿ ತಟ್ಟೆಯಲ್ಲೇ ಬಿಟ್ಟೆ.

ಅಕ್ಟೋಬರ್ 24, ಶುಕ್ರವಾರ

ಬೆಳಗ್ಗೆ ಎಂಟಕ್ಕೇ ಮನೆ ಬಾಗಿಲಿಗೆ ಬಂದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಜೆಸಿಬಿ ಬಂದು ಎರಡು ತೆಂಗಿನ ಮರ ಉರುಳಿಸಿದೆ. ಊರವರು ಅಡ್ಡ ನಿಂತು ಮನೆ ಉಳಿಸಿದ್ದಾರೆ.

"ಸೋಮಾರ ಬಂದು ಮನೇನೂ ಕೆಡುವ್ತರಂತೆ ಸಾ. ಕೋಲ್ಟಲ್ಲಿ ಕೇಸಿರೋ ಜಮೀನ ಅದೆಂಗೆ ಮುಟ್ತರೆ? ನೀವೊಂದ್ ಮಾತ ಏಳಿ ಜಡ್ಜ್‌ಗೆ."

ಕೇಸು ಇಲ್ಲ ಅನ್ನಲು ಬಾಯಿ ತೆರೆದೆ. ಹೊರಟದ್ದು ಬೇರೆ ಮಾತು. "ಕೇಸು ಮಧ್ಯದಲ್ಲಿ ಸ್ವಲ್ಪ ನಿಂತುಹೋಗಿದೆಯಮ್ಮ. ಮತ್ತೆ ಎಬ್ಬಿಸಬೇಕು."

"ಎಬ್ಸಿ ಸಾ" ಅಂದಳು. ಅಷ್ಟೇ. ಯಾಕೆ ನಿಂತಿತು, ಯಾವಾಗ ನಿಂತಿತು, ಒಂದನ್ನೂ ಕೇಳಲಿಲ್ಲ.

ಮಧ್ಯಾಹ್ನದೊಳಗೆ ಅರ್ಜಿ ಹಾಕಿದೆ. ವಜಾ ಆದ ದಾವೆಯನ್ನು ಮತ್ತೆ ಎತ್ತಿಕೊಳ್ಳಿ, ಆರೂವರೆ ವರ್ಷದ ವಿಳಂಬವನ್ನು ಮನ್ನಿಸಿ ಅಂತ. ವಕೀಲನ ತಪ್ಪಿಗೆ ಕಕ್ಷಿದಾರ ಸೊರಗಬಾರದು ಅನ್ನುವುದನ್ನು ಕೋರ್ಟು ಒಪ್ಪುತ್ತದೆ, ಆದರೆ ತಪ್ಪು ವಕೀಲನದೇ ಅಂತ ಸ್ಪಷ್ಟವಾಗಿ ಕಾಣಬೇಕು. ನಾನು ಪ್ರಮಾಣಪತ್ರದಲ್ಲಿ ಬರೆದದ್ದು "ಮಾಹಿತಿಯ ಕೊರತೆಯಿಂದಾಗಿ" ಅಂತ. ಯಾರ ಮಾಹಿತಿ, ಯಾರ ಕೊರತೆ, ಬರೆಯಲಿಲ್ಲ. ಹೆಬ್ಬೆಟ್ಟು ಒತ್ತಿದಳು. ಅರ್ಜಿ ತೀರ್ಮಾನವಾಗುವವರೆಗೆ ಜಮೀನಿಗೆ ಯಾರೂ ಕೈಹಾಕಬಾರದು ಅಂತ ನ್ಯಾಯಾಧೀಶರು ಆದೇಶ ಮಾಡಿದರು. ಅರ್ಜಿ ಬಿದ್ದುಹೋದರೆ ಮಾರನೆ ದಿನವೇ ಮನೆ ಬೀಳುತ್ತದೆ.

ಅವಳ ಸಾಕ್ಷಿಗೆ ನವೆಂಬರ್ ಹದಿನಾಲ್ಕು. ಚೀಟಿ ಬರೆದುಕೊಟ್ಟೆ. ಆರು ವರ್ಷದಲ್ಲಿ ಇದೊಂದು ನಿಜವಾದ ತಾರೀಖು.

ನವೆಂಬರ್ 13, ಗುರುವಾರ

ನಾಳೆ ಸಾಕ್ಷಿ. "ಕೇಸು ವಜಾ ಆದದ್ದನ್ನು ವಕೀಲರು ನನಗೆ ಹೇಳಿರಲಿಲ್ಲ", ಈ ಒಂದು ಮಾತನ್ನು ಆಕೆ ಹೇಳಬೇಕು. ಅಷ್ಟು ಹೇಳಿದರೆ ಅರ್ಜಿ ಗೆಲ್ಲುತ್ತದೆ. ಅದನ್ನು ಆಕೆಗೆ ಹೇಳಿಕೊಡಬೇಕು ಅಂತಲೇ ಚೇಂಬರಿಗೆ ಕರೆಸಿದ್ದೆ. ಮೂರು ಸಲ ಶುರುಮಾಡಿದೆ. ಕೊನೆಗೆ, "ಹೆದರಬೇಡಮ್ಮ, ಕೇಳಿದ್ದಕ್ಕೆ ಉತ್ತರ ಹೇಳು" ಅಂತ ಕಳಿಸಿದೆ.

ನವೆಂಬರ್ 14, ಶುಕ್ರವಾರ

ದೊಡ್ಡಸಿದ್ದಯ್ಯನ ವಕೀಲ ಪ್ರಭುಸ್ವಾಮಿ. ನನ್ನ ಕೈಕೆಳಗೆ ಆರು ವರ್ಷ ಜೂನಿಯರ್ ಆಗಿದ್ದವನು. ಪಾಟೀಸವಾಲಿಗೆ ಎದ್ದು ನಿಂತು, ನನ್ನ ಮುಖ ನೋಡದೆ ಕೇಳಿದ.

"ಅಮ್ಮಾ, ದಾವೆ ವಜಾ ಆದದ್ದನ್ನು ನಿಮ್ಮ ವಕೀಲರು ನಿಮಗೆ ಹೇಳಿದ್ದರೋ, ಇಲ್ಲವೋ?"

ಆಕೆ ಕಟಕಟೆಯಿಂದ ನನ್ನ ಕಡೆ ನೋಡಿದಳು. ನಾನು ಫೈಲು ನೋಡುತ್ತಿದ್ದೆ.

"ಏಳುದ್ರು ಸ್ವಾಮಿ."

"ಯಾವಾಗ?"

"ಅವಾಗ್ಲೇ."

ನ್ಯಾಯಾಧೀಶರು ಬರೆಸುವುದನ್ನು ನಿಲ್ಲಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವರು. "ಯೋಚನೆ ಮಾಡಿ ಹೇಳಮ್ಮ. ಆರು ವರ್ಷದ ಹಿಂದೆಯೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ. ನಮ್ ಲಾಯರ್ರು ಎಲ್ಲಾ ಏಳವ್ರೆ, ಎಲ್ಲಾ ಸರಿಯಾಗಿ ಮಾಡವ್ರೆ. ನಾನೇ ಒಸಿ ಮರ್ತ್‌ಬುಟ್ಟೆ."

ಪ್ರಭುಸ್ವಾಮಿ ಇನ್ನೇನೂ ಕೇಳದೆ ಕೂತ. ಅವನೂ ನನ್ನ ಚೇಂಬರಿನಲ್ಲಿ ಆ ಪಾಠವನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟವನೇ. ಆಕೆಗೂ ಅವನೇ ಹೇಳಿಕೊಟ್ಟಿದ್ದನೋ ಏನೋ.

ನನಗೆ ಹಗುರವಾಯಿತು. ಇದನ್ನು ಬರೆಯಲೇಬೇಕು. ಆಕೆ ತನ್ನ ಮನೆಯನ್ನು ತಾನೇ ಕಳೆದುಕೊಂಡ ಗಳಿಗೆಯಲ್ಲಿ ನನಗೆ ಹಗುರವಾಯಿತು. ಒಂದು ಲೋಟ ನೀರು ಕುಡಿದೆ.

ಹೊರಗೆ ಬೆಂಚಿನ ಹತ್ತಿರ ಕಾಯುತ್ತಿದ್ದಳು. "ಸರಿಯಾಗಿ ಏಳುದ್ನಾ ಸಾ? ನೀವು ಏಳ್ಕೊಟ್ಟಿದ್ನ ನಾ ಮರ್ತಿರ್ನಿಲ್ಲ, ನೋಡಿ. ಆ ಲಾಯರ್ರು ನಿಮ್ಮ ಸಿಕ್ಕುಸ್ಬೇಕು ಅಂತ ಕೇಳುದ್ರು. ನಾನು ಬುಡ್ತೀನಾ?"

"ಸರಿಯಾಗಿ ಹೇಳಿದಿರಿ" ಅಂದೆ.

ಆದೇಶಕ್ಕೆ ನವೆಂಬರ್ ಇಪ್ಪತ್ತೆಂಟು.

ನವೆಂಬರ್ 17, ಸೋಮವಾರ

ಕೋರ್ಟಿಗೆ ಹೋಗಲಿಲ್ಲ. ಭಾಷಣದ ಹಾಳೆ ಹರಿದುಹಾಕಿದೆ. ಅಕ್ಷರ ಚೆನ್ನಾಗಿ ಬಂದಿರಲಿಲ್ಲ.

ನವೆಂಬರ್ 20, ಗುರುವಾರ

ಸತ್ತೇಗಾಲಕ್ಕೆ ಹೋಗಿದ್ದೆ. ಯಾಕೆ ಹೋದೆ ಅಂತ ಬಸ್ಸಿಳಿದ ಮೇಲೂ ನಿಶ್ಚಯವಿರಲಿಲ್ಲ. ಒಂಬತ್ತು ವರ್ಷ ಈ ಜಮೀನಿನ ಚಕ್ಕುಬಂದಿ ಬಾಯಲ್ಲಿ ಹೇಳುತ್ತಾ ಬಂದಿದ್ದೇನೆ, ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಗಾಡಿದಾರಿ. ಕಣ್ಣಲ್ಲಿ ಕಂಡದ್ದು ಇವತ್ತೇ. ಉರುಳಿದ ಎರಡು ಮರ ಹಾಗೇ ಬಿದ್ದಿವೆ. ಸೈಟಿನ ಕಲ್ಲುಗಳ ಮೇಲೆ ಆಕೆ ಬಟ್ಟೆ ಒಣಹಾಕಿದ್ದಾರೆ.

ಒಬ್ಬರೇ ಇರುವುದು. ಹಜಾರದಲ್ಲಿ ಚೆನ್ನಯ್ಯನ ಫೋಟೋ. ಅದರ ಕೆಳಗೆ ಅವನು ಮಲಗುತ್ತಿದ್ದ ಹಗ್ಗದ ಮಂಚ, ಎತ್ತಿಟ್ಟಿಲ್ಲ. ಚಾಪೆ ಹಾಸಿ ಕೂರಿಸಿದರು. ಕಾಫಿ ಕೊಟ್ಟರು. ವಕೀಲರು ಮನೆಗೆ ಬಂದರು ಅಂತ ಪಕ್ಕದ ಮನೆಯವರನ್ನೆಲ್ಲ ಕರೆದರು.

"ಪುಟ್ಟಗೌರಮ್ಮ, ಆ ಚೀಟಿಗಳು ನನಗೆ ಬೇಕು" ಅಂದೆ.

"ನಿಮ್ದೇ ಅಲ್ವಾ ಸಾ, ತಕಳಿ" ಅಂತ ಕವರಿನಿಂದ ಕಂತೆ ತೆಗೆದು ಕೊಟ್ಟುಬಿಟ್ಟರು. ಯಾಕೆ ಅಂತ ಕೇಳಲಿಲ್ಲ. ಹೊರಡುವಾಗ ಎರಡು ಕಾಯಿ ಕೊಡಲು ಬಂದರು. ಬೇಡ ಅಂದೆ. ಬೇಜಾರು ಮಾಡಿಕೊಂಡರು.

ನವೆಂಬರ್ 23, ಭಾನುವಾರ

ಶಿವರತ್ನಮ್ಮ ತವರಿಗೆ ಹೋಗಿದ್ದಾಳೆ. ಚೀಟಿಗಳನ್ನು ನಡುಮನೆಯಲ್ಲಿ ಹರಡಿಕೊಂಡು ಕೂತೆ. ಇವು ಇಲ್ಲದಿದ್ದರೆ ನನ್ನ ಮೇಲೆ ಪುರಾವೆ ಅಂತ ಇನ್ನೇನೂ ಇಲ್ಲ. ಒಲೆ ಐದು ಹೆಜ್ಜೆ ದೂರದಲ್ಲಿತ್ತು. ಎದ್ದುಹೋಗಿ ಗ್ಯಾಸ್ ಹಚ್ಚಿದೆ ಕೂಡ. ಹಚ್ಚಿ, ಕಾಫಿಗೆ ಹಾಲಿಟ್ಟು ಬಂದೆ.

ತಾರೀಖಿನ ಪ್ರಕಾರ ಜೋಡಿಸಿದೆ. ನಿಜವಾದವನ್ನು ಬಿಟ್ಟು ನಲವತ್ತಮೂರು. ಸುಮಾರು ಮಾದಸ್ವಾಮಿಯ ಕೈಬರಹ, ಉಳಿದವು ನನ್ನವು. ಒಂದರ ಮೇಲೆ 20-7-2022 ಅಂತಿದೆ, ಚೆನ್ನಯ್ಯ ಸತ್ತ ದಿನ. ಕೆಳಗೆ ನನ್ನದೇ ಅಕ್ಷರ, "ತಪ್ಪದೆ ಬರಬೇಕು." ಅಡಿಗೆರೆ ಬೇರೆ ಎಳೆದಿದ್ದೇನೆ.

ಯಾಕೆ ಹಾಗೆ ಬರೆದೆ ಅಂತ ಈಗ ನೆನಪಾಯಿತು. ಅದರ ಹಿಂದಿನ ಸಲ ಬಂದಾಗ, "ನಮ್ಮೆಜಮಾನ್ರಿಗೆ ಉಸಾರಿಲ್ಲ ಸಾ, ಒಂದ್ಸಲ ನಾ ಬರ್ದೆ ಓದ್ರೆ ಆಯ್ತದಾ" ಅಂದಿದ್ದರು. ಇಲ್ಲದ ಕೇಸಿನ ಬಗ್ಗೆ ಯಾರಿಗೂ ಅನುಮಾನ ಬರಬಾರದಲ್ಲ, ಅದಕ್ಕೆ ಗಟ್ಟಿಯಾಗಿ ಹೇಳಿದೆ. ಬರಲೇಬೇಕು ಅಂದೆ.

ಹಾಲು ಉಕ್ಕಿಹೋಗಿತ್ತು.

ನವೆಂಬರ್ 24, ಸೋಮವಾರ

ಪುಟ್ಟಗೌರಮ್ಮನವರ ವಕಾಲತ್ತಿನಿಂದ ನಿವೃತ್ತನಾದೆ. ಕಾನೂನು ನೆರವಿನ ಸಮಿತಿಯಿಂದ ಬೇರೆ ವಕೀಲರನ್ನು ಕೊಟ್ಟಿದ್ದಾರೆ. ಆದೇಶಕ್ಕೆ ಮುಂಚೆ ನನ್ನನ್ನು ಸಾಕ್ಷಿಯಾಗಿ ವಿಚಾರಿಸಬೇಕು ಅಂತ ಅವರ ಕೈಲಿ ಅರ್ಜಿ ಹಾಕಿಸಿ, ಜೊತೆಗೆ ನನ್ನ ಪ್ರಮಾಣಪತ್ರ ಕೊಟ್ಟೆ. ಒಂದೂವರೆ ಪುಟ. ಮಾದಸ್ವಾಮಿ ಟೈಪ್ ಮಾಡಿದ. ಮುಗಿಸಿ ಕನ್ನಡಕ ಒರೆಸಿಕೊಂಡು, "ಸನ್ನದು ಓಯ್ತದೆ ಸಾ" ಅಂದ. ಹೌದು, ಇನ್ನು ವಕೀಲಿ ಮಾಡುವ ಹಾಗಿಲ್ಲ ಅಂದೆ. "ನಾನೂ ಬಂದು ಏಳ್ತೀನಿ, ನನ್ ಕೈಬರಹಾನೂ ಅದೆ" ಅಂದ. ಬೇಡ ಅಂದೆ.

ನವೆಂಬರ್ 28, ಶುಕ್ರವಾರ

ಕಟಕಟೆಗೆ ಮೂರು ಮೆಟ್ಟಿಲು. ಮೂವತ್ತೈದು ವರ್ಷ ಜನರನ್ನು ಹತ್ತಿಸಿದ್ದೇನೆ, ಮೂರನೆಯದು ಎತ್ತರ ಅಂತ ಗೊತ್ತಿರಲಿಲ್ಲ. ಗೌನಿಲ್ಲದೆ ಬರಿ ಶರಟಿನಲ್ಲಿ ನಿಂತೆ. ಕೋರ್ಟ್ ಹಾಲ್ ತುಂಬಿತ್ತು. ಎಲ್ಲ ವಕೀಲರೂ ಬಂದಿದ್ದರು. ಪುಟ್ಟಗೌರಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು.

ಹೇಳಿದೆ. ದಾವೆ ವಜಾ ಆದದ್ದು 2019ರ ಮಾರ್ಚ್ ಹದಿಮೂರರಂದು. ಅವತ್ತು ಸಂಜೆಯೇ ನನಗೆ ಗೊತ್ತಾಯಿತು. ಈಕೆಗೆ ಹೇಳಲಿಲ್ಲ. ಬದಲಿಗೆ ಸುಳ್ಳು ತಾರೀಖು ಕೊಟ್ಟೆ. ಚೀಟಿಗಳನ್ನು ಒಂದೊಂದಾಗಿ ತೋರಿಸಿ, ಇದು ನನ್ನ ಅಕ್ಷರ, ಇದು ನನ್ನ ಗುಮಾಸ್ತನದು, ನಾನು ಹೇಳಿ ಬರೆಸಿದ್ದು ಅಂತ ಒಪ್ಪಿಕೊಂಡೆ. ನಲವತ್ತಮೂರಕ್ಕೂ ಪುರಾವೆ ಅಂತ ಗುರುತು ಹಾಕಿದರು. ಬಹಳ ಹೊತ್ತು ಹಿಡಿಯಿತು.

"ಬ್ಯಾಡಿ ಸಾ, ಯಾಕಿಂಗ್ ಏಳ್ತೀರಿ" ಅಂತ ಪುಟ್ಟಗೌರಮ್ಮ ಒಂದು ಸಲ ಎದ್ದು ನಿಂತರು. ಜವಾನ ಕೂರಿಸಿದ. ಆಮೇಲೆ ಚೀಟಿಗಳನ್ನು ತಾರೀಖು ಸಮೇತ ಓದತೊಡಗಿದಾಗ ಬೆರಳು ಮಡಿಸುತ್ತಾ ಕೇಳಿಸಿಕೊಂಡರು.

"ಪಾಟೀಸವಾಲು?" ಅಂದರು ನ್ಯಾಯಾಧೀಶರು. ಪ್ರಭುಸ್ವಾಮಿ ಎದ್ದು, "ಇಲ್ಲ ಮೇಡಂ" ಅಂತ ಕೂತ. ವಕೀಲರ ಪರಿಷತ್ತಿಗೆ ವರದಿ ಕಳಿಸುತ್ತೇನೆ ಅಂತ ನ್ಯಾಯಾಧೀಶರು ನನ್ನ ಮುಖ ನೋಡಿ ಹೇಳಿದರು. ಸರಿ ಅಂದೆ. ಹೊರಗೆ ಬಂದಾಗ ಕಲ್ಲುಬೆಂಚು ಖಾಲಿ ಇತ್ತು.

ನವೆಂಬರ್ 30, ಭಾನುವಾರ

ಸಂಘದ ಕಾರ್ಯದರ್ಶಿಯ ಫೋನು. "ನಿಮಗೆ ಆರೋಗ್ಯ ಸರಿಯಿಲ್ಲ ಅಂತ ಹಾಕಿಬಿಡೋಣ್ವಾ ಸಾರ್?" ಏನಾದರೂ ಹಾಕಿ ಅಂದೆ.

ಶಿವರತ್ನಮ್ಮ ತವರಿಂದ ಬಂದಿದ್ದಾಳೆ. ಇವತ್ತು ತಟ್ಟೆ ಇಡುವಾಗ, "ಆರು ವರ್ಷ ಅವರ ಕಾಯಿ ತಿಂದ್ವಲ್ರೀ" ಅಂದಳು.

ಡಿಸೆಂಬರ್ 2, ಮಂಗಳವಾರ

ಆದೇಶ ಬಂತು. ವಿಳಂಬ ಮನ್ನಾ. ದಾವೆಯನ್ನು ಮತ್ತೆ ಎತ್ತಿಕೊಂಡಿದ್ದಾರೆ. ಅದು ಮುಗಿಯುವವರೆಗೆ ಜಮೀನನ್ನೂ ಮನೆಯನ್ನೂ ಯಾರೂ ಮುಟ್ಟುವಂತಿಲ್ಲ.

ಪುಟ್ಟಗೌರಮ್ಮ ವರಾಂಡದ ಬೆಂಚಿನ ಮೇಲೆ ಕೂತಿದ್ದರು. ಹೊಸ ವಕೀಲರು ಎಲ್ಲ ಹೇಳಿಹೋಗಿದ್ದರು. ಹೋಗಿ ಎದುರಿಗೆ ನಿಂತೆ. ಎಂದೂ ನನ್ನ ಎದುರು ಕೂತವರಲ್ಲ. ಇವತ್ತು ಏಳಲಿಲ್ಲ.

"ಮನೆ ಉಳೀತಮ್ಮ" ಅಂದೆ.

ತಲೆಯಾಡಿಸಿದರು. ಮಡಿಲಲ್ಲಿ ಆ ಖಾಲಿ ಪ್ಲಾಸ್ಟಿಕ್ ಕವರು ಇತ್ತು. ಅದನ್ನು ಮಡಿಸುತ್ತಾ, ಬಿಚ್ಚುತ್ತಾ ಕೂತಿದ್ದರು. ಕ್ಷಮಿಸಿ ಅನ್ನಬೇಕು ಅಂತ ಬಂದಿದ್ದೆ. ಅಷ್ಟರಲ್ಲಿ ಅವರೇ ಕೇಳಿದರು.

"ನಮ್ಮೆಜಮಾನ್ರು ತೀರ್ಕಂಡ್ರಲ್ಲ ಸಾ, ಅವತ್ತು. ನೀರ್ ಕೊಡು ಅಂತ ನನ್ನೆಸ್ರ ಕೂಗ್ತಾನೇ ಇದ್ರಂತೆ. ನಾನು ಇಲ್ಲೇ ಕೂತಿದ್ದೆ. ಅವತ್ತೂ ಕೇಸ್ ಇರ್ನಿಲ್ವಾ?"

"ಇರಲಿಲ್ಲಮ್ಮ" ಅಂದೆ.

ಅವರು ಕವರನ್ನು ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು. ಗೋಡೆ ಹಿಡಿದು ಎದ್ದು, ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದರು. ಮುಂದಿನ ತಾರೀಖು ಕೇಳಲಿಲ್ಲ.